ಬಾಸ್ ಬಂದರೆ ಬಾಯಿ ಬಂದ್

ಪ್ರಶ್ನೆ: ಚೆನ್ನೈ ಹತ್ತಿರ ಕೊರಿಯನ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಟೀಮಿನ ಕೊರಿಯನ್ ಇಂಜಿನಿಯರ್ ಕ್ಯಾಂಟೀನಿನಲ್ಲಿ ನನ್ನ ಜೊತೆ ಇಂಗ್ಲಿಷಿನಲ್ಲಿ ಚೆನ್ನಾಗೇ ಹರಟೆ ಹೊಡೆಯುತ್ತಾರೆ. ಮೀಟಿಂಗಿಗೆ ಅವರ ಬಾಸ್ ಬಂದರೆ ಮಾತೇ ಇಲ್ಲ! ಅಷ್ಟು ಓದಿದವರಿಗೆ ಇಂಗ್ಲಿಷ್ ಅಂದರೆ ಯಾಕೆ ಸಾರ್ ಭಯ?

ಉತ್ತರ: ಭಯ ಇಂಗ್ಲಿಷಿನದ್ದಲ್ಲ, ಪಕ್ಕದಲ್ಲಿ ಕೂತಿರುವ ಇನ್ನೊಬ್ಬ ಕೊರಿಯನ್ನರದ್ದು. ಮಾತಿನ ತಪ್ಪುಗಳನ್ನು ನೀವು ಲೆಕ್ಕ ಇಡುವುದಿಲ್ಲ, ಆ ಇನ್ನೊಬ್ಬರು ಇಡುತ್ತಾರೆ. ಕೊರಿಯನ್ ಭಾಷೆಯಲ್ಲಿ ವಯಸ್ಸು, ಹುದ್ದೆ ನೋಡಿ ಮಾತಿನ ಕ್ರಿಯಾಪದವೇ ಬದಲಾಗುತ್ತದೆ. ತಪ್ಪಾಡಿದರೆ ಮುಖಭಂಗ, ಬಾಸ್‌ಗಿಂತ ಚೆನ್ನಾಗಿ ಆಡಿದರೆ ಇನ್ನೂ ಫಜೀತಿ. ಸುಮ್ನಿರೋದೇ ವಾಸಿ ಅಲ್ವಾ? ಇದಕ್ಕೆ ಕೊರಿಯನ್ನರೇ ಒಂದು ಹೆಸರಿಟ್ಟಿದ್ದಾರೆ: ‘ಯಂಗೊ ಉಲ್ಲಂಗ್‌ಜುಂಗ್’. ಇಂಗ್ಲಿಷ್ ಅಂದ ಕೂಡಲೇ ಹೊಟ್ಟೆ ತೊಳಸುವ ಕಾಯಿಲೆ ಅಂತಿಟ್ಟುಕೊಳ್ಳಿ.

ಇದರ ಬೇರು ಶಾಲೆಯಲ್ಲಿದೆ. 1997ರಿಂದ ದಕ್ಷಿಣ ಕೊರಿಯಾದಲ್ಲಿ ಮೂರನೇ ಕ್ಲಾಸಿಗೇ ಇಂಗ್ಲಿಷ್ ಶುರು. ಸಂಜೆ ‘ಹಗ್ವಾನ್’, ಅಂದರೆ ಟ್ಯೂಷನ್. ಕಾಲೇಜು ಪ್ರವೇಶಕ್ಕೆ ನವೆಂಬರಿನಲ್ಲಿ ‘ಸುನುಂಗ್’ ಪರೀಕ್ಷೆ. ಅದರಲ್ಲಿ ಇಂಗ್ಲಿಷ್ ಕೇಳಿಸಿಕೊಂಡು ಉತ್ತರಿಸುವ ಭಾಗ ನಡೆಯುವಾಗ ಮಕ್ಕಳಿಗೆ ಸದ್ದಾಗಬಾರದೆಂದು ಇಡೀ ದೇಶದಲ್ಲಿ ಅರ್ಧ ಗಂಟೆ ವಿಮಾನ ಏರುವಂತಿಲ್ಲ, ಇಳಿಯುವಂತಿಲ್ಲ. ಅಷ್ಟೆಲ್ಲಾ ಮಾಡಿಯೂ ಆ ಪರೀಕ್ಷೆಯಲ್ಲಿ ಮಾತಾಡುವ ಭಾಗವೇ ಇಲ್ಲ! ಆಮೇಲೆ ಕೆಲಸಕ್ಕೆ 990 ಅಂಕದ ‘ಟೋಯಿಕ್’ ಅನ್ನೋ ಇಂಗ್ಲಿಷ್ ಪರೀಕ್ಷೆ. ಅದೂ ಓದೋದು, ಕೇಳೋದು ಅಷ್ಟೇ. ತಪ್ಪು ಅಂದರೆ ಅಂಕ ಕಟ್ ಅಂತಲೇ ಬೆಳೆದವರು, ಬಾಯಿ ಬಿಡೋದು ಹೇಗೆ?

ಉಚ್ಚಾರಣೆಯದ್ದು ಬೇರೆ ಗೋಳು. 2008ರ ಜನವರಿಯಲ್ಲಿ, ಆಗಷ್ಟೇ ದೇಶದ ಅಧ್ಯಕ್ಷರಾಗಿ ಗೆದ್ದಿದ್ದ ಲೀ ಮ್ಯುಂಗ್ ಬಾಕ್ ಅವರ ಅಧಿಕಾರ ಹಸ್ತಾಂತರ ತಂಡದ ಮುಖ್ಯಸ್ಥೆ, ಅಮೆರಿಕದಲ್ಲಿ ‘ಒರೆಂಜಿ’ ಅಂದರೆ ಯಾರಿಗೂ ತಿಳಿಯಲಿಲ್ಲ, ನಾಲಿಗೆ ತಿರುಗಿಸಿ ‘ಅರಿಂಜಿ’ ಅಂದಮೇಲೆ ತಿಳಿಯಿತು ಅಂದರು. ಜನ ನಕ್ಕಿದ್ದೇ ನಕ್ಕಿದ್ದು. ಒಂದು ಕಿತ್ತಳೆ ಹಣ್ಣಿಗೇ ಹೀಗಾದರೆ ಪಾಪ ನಿಮ್ಮ ಇಂಜಿನಿಯರ್ ಗತಿ ಏನು? ಕೊರಿಯನ್‌ನಲ್ಲಿ ಇಂಗ್ಲಿಷಿನ ‘ಎಫ್’ ಸದ್ದಿಲ್ಲ, ಕಾಫಿ ಅಲ್ಲಿ ‘ಕೊಪಿ’. ನಮ್ಮೂರಲ್ಲೂ ಕಾಪಿನೇ ಬಿಡಿ.

ನೀವು ಒಂದು ಕೆಲಸ ಮಾಡಿ. ಮೀಟಿಂಗಿನಲ್ಲಿ ಏನು ಕೇಳಬೇಕೋ ಅದನ್ನು ಹಿಂದಿನ ದಿನವೇ ಅವರಿಗೆ ಮೆಸೇಜ್ ಹಾಕಿ. ಎಲ್ಲರೆದುರು ತಟ್ಟನೆ ‘ನೀವೇನಂತೀರಿ?’ ಅನ್ನಬೇಡಿ, ಅವರ ವಾಕ್ಯ ತಿದ್ದಲಂತೂ ಹೋಗಲೇಬೇಡಿ. ಕ್ಯಾಂಟೀನ್ ಹರಟೆ ಮಾತ್ರ ನಿಲ್ಲಿಸಬೇಡಿ.