ಸಂಪಾದಕರ ಉತ್ತರ: ಲಾಹೋರಿನಲ್ಲಿ ಹುಟ್ಟಿದ ಸಿಬಿಐ

‘ಸಿಬಿಐ ಇಡೀ ದೇಶದ ತನಿಖಾ ಸಂಸ್ಥೆ. ಹಾಗಿದ್ದೂ ರಾಜ್ಯದೊಳಗೆ ಬರಲು ರಾಜ್ಯ ಸರ್ಕಾರದ ಒಪ್ಪಿಗೆ ಏಕೆ ಬೇಕು? ಸಂಸತ್ತು ಅದನ್ನು ಕಟ್ಟುವಾಗಲೇ ಎಡವಿತೇ?’ ಎಂದು ಓದುಗರೊಬ್ಬರು ಬರೆದಿದ್ದಾರೆ.

ಸಂಸತ್ತು ಎಡವಲಿಲ್ಲ, ಏಕೆಂದರೆ ಸಂಸತ್ತು ಸಿಬಿಐಯನ್ನು ಕಟ್ಟಲೇ ಇಲ್ಲ. ‘ಸಿಬಿಐ ಕಾಯ್ದೆ’ ಎಂಬುದೊಂದು ಇವತ್ತಿಗೂ ಇಲ್ಲ.

ಇದರ ಮೂಲ ಎರಡನೇ ಮಹಾಯುದ್ಧದ ಖರೀದಿಯಲ್ಲಿದೆ. ಸೈನ್ಯಕ್ಕೆ ಬೇಕಾದ್ದನ್ನೆಲ್ಲ ಸರ್ಕಾರ ಅವಸರದಲ್ಲಿ ಕೊಳ್ಳುತ್ತಿತ್ತು. ದುಡ್ಡು ನೀರಿನಂತೆ ಹರಿಯಿತು, ಬೊಗಸೆಯೊಡ್ಡುವವರಿಗೇನು ಕೊರತೆ? ಸ್ಥಳೀಯ ಪೊಲೀಸರ ಕೈಗೆ ಇದು ನಿಲುಕದು ಎನಿಸಿ 1941ರಲ್ಲಿ ಸ್ಪೆಷಲ್ ಪೊಲೀಸ್ ಎಸ್ಟಾಬ್ಲಿಷ್‌ಮೆಂಟ್ ಎಂಬ ಪಡೆ ಕಟ್ಟಿದರು. ಅದರ ಕೇಂದ್ರ ಕಚೇರಿ ಇದ್ದದ್ದು ಲಾಹೋರಿನಲ್ಲಿ. ಮುಖ್ಯಸ್ಥರಾಗಿದ್ದ ಖುರ್ಬಾನ್ ಅಲಿ ಖಾನ್ ವಿಭಜನೆಯಾದಾಗ ಪಾಕಿಸ್ತಾನವನ್ನು ಆರಿಸಿಕೊಂಡರು, ಮುಂದೆ ಅಲ್ಲಿ ವಾಯವ್ಯ ಗಡಿ ಪ್ರಾಂತ್ಯದ ಗವರ್ನರ್ ಆದರು. 1942ರ ಕೊನೆಯ ಹೊತ್ತಿಗೆ ರೈಲ್ವೆಯ ಲಂಚದ ಪ್ರಕರಣಗಳೂ ಈ ಪಡೆಯ ಪಾಲಿಗೆ ಬಂದವು. ಯುದ್ಧದ ಸಾಮಾನು ಸಾಗುವುದು ರೈಲಿನಲ್ಲೇ ತಾನೆ!

ಯುದ್ಧ ಮುಗಿಯಿತು, ಲಂಚ ಮುಗಿಯಲಿಲ್ಲ. ಅಲ್ಲಿಯವರೆಗೆ ಸುಗ್ರೀವಾಜ್ಞೆಯ ಮೇಲೆ ನಡೆಯುತ್ತಿದ್ದ ಪಡೆಗೆ 1946ರಲ್ಲಿ ಕಾಯ್ದೆಯೊಂದು ಬಂತು: ದೆಹಲಿ ವಿಶೇಷ ಪೊಲೀಸ್ ಸ್ಥಾಪನೆ ಕಾಯ್ದೆ. ಆ ‘ದೆಹಲಿ’ಯಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಕಾಗದದ ಮೇಲೆ ಇದು ದೆಹಲಿಯ ಪೊಲೀಸ್ ಪಡೆ. 5ನೇ ಕಲಂ ಪ್ರಕಾರ ಕೇಂದ್ರ ಇದರ ವ್ಯಾಪ್ತಿಯನ್ನು ಬೇರೆಡೆಗೂ ಹಿಗ್ಗಿಸಬಹುದು, ಆದರೆ 6ನೇ ಕಲಂ ಪ್ರಕಾರ ಆಯಾ ರಾಜ್ಯ ಒಪ್ಪಬೇಕು. ಸಂವಿಧಾನದಲ್ಲೂ ಪೊಲೀಸ್ ವಿಷಯ ರಾಜ್ಯಪಟ್ಟಿಗೆ ಸೇರಿದ್ದು.

‘ಸಿಬಿಐ’ ಎಂಬ ಹೆಸರು ಬಂದದ್ದು 1963ರ ಏಪ್ರಿಲ್ 1ರಂದು (ತಾರೀಖು ನೋಡಿ ನಗಬೇಡಿ), ಗೃಹ ಸಚಿವಾಲಯದ ಒಂದು ನಿರ್ಣಯದಿಂದ. ಹಳೆಯ ಪಡೆಯನ್ನು ನಡೆಸುತ್ತಿದ್ದ ಡಿ.ಪಿ. ಕೊಹ್ಲಿಯವರೇ ಮೊದಲ ನಿರ್ದೇಶಕರಾದರು. ಬೋರ್ಡು ಬದಲಾಯಿತು, ಅಧಿಕಾರ ಮಾತ್ರ 1946ರ ಕಾಯ್ದೆಯದ್ದೇ.

ಈ ಪೊಳ್ಳು ಬಯಲಾದದ್ದು ಐವತ್ತು ವರ್ಷಗಳ ನಂತರ. ಆ ನಿರ್ಣಯಕ್ಕೆ ಕಾನೂನಿನ ಬಲವಿಲ್ಲ ಎಂದು 2013ರ ನವೆಂಬರ್ 6ರಂದು ಗುವಾಹಟಿ ಹೈಕೋರ್ಟ್ ಅದನ್ನು ರದ್ದುಗೊಳಿಸಿತು. ಕೇಂದ್ರ ಬೆಚ್ಚಿಬಿದ್ದು ಸುಪ್ರೀಂ ಕೋರ್ಟಿಗೆ ಓಡಿತು. ಮೂರೇ ದಿನಕ್ಕೆ, ಶನಿವಾರ, ಮುಖ್ಯ ನ್ಯಾಯಮೂರ್ತಿಗಳ ಮನೆಯಲ್ಲೇ ವಿಚಾರಣೆ ನಡೆದು ತಡೆಯಾಜ್ಞೆ ಸಿಕ್ಕಿತು. ಅಷ್ಟಾದ ಮೇಲಾದರೂ ಪ್ರತ್ಯೇಕ ಕಾಯ್ದೆ ತರಬಹುದಿತ್ತು. ನನ್ನನ್ನು ಕೇಳಿದರೆ ಎಡವಿದ್ದು ಇಲ್ಲಿ, ಒಪ್ಪಿಗೆ ಕೇಳುವ ನಿಯಮದಲ್ಲಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಸಾಮಾನ್ಯ ಒಪ್ಪಿಗೆಯನ್ನು (ಪ್ರತಿ ಪ್ರಕರಣಕ್ಕೂ ಬೇರೆ ಬೇರೆ ಕೇಳಬೇಕಿಲ್ಲದಂತೆ ಮೊದಲೇ ಕೊಟ್ಟಿರುವ ಒಪ್ಪಿಗೆ) ಹಿಂಪಡೆದದ್ದೂ ಇದೇ 6ನೇ ಕಲಂ ಹಿಡಿದು. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿತು ಅಂದುಕೊಳ್ಳಬೇಡಿ: ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ತನಿಖೆಗೆ ಆದೇಶಿಸಿದರೆ ರಾಜ್ಯದ ಒಪ್ಪಿಗೆ ಬೇಕಿಲ್ಲ ಎಂದು 2010ರಲ್ಲೇ ಸಂವಿಧಾನ ಪೀಠ ಹೇಳಿದೆ.