ಶುದ್ಧ ಮಾತು ಅಂದರೆ ಯಾರ ಮಾತು?

"ಭಾಷಾವಿಜ್ಞಾನದ ಪುಸ್ತಕ ಹಿಡಿದಿದ್ದೇನೆ. ಯಾವುದು ಶುದ್ಧ, ಯಾವುದು ಅಶುದ್ಧ ಅಂತ ಎಲ್ಲೂ ಹೇಳುತ್ತಿಲ್ಲ. ವ್ಯಾಕರಣ ಕಲಿಸದಿದ್ದರೆ ಭಾಷೆ ಉಳಿಯುತ್ತದೆಯೇ? ಲಿಪಿಯಿಲ್ಲದ್ದನ್ನು ಭಾಷೆ ಅನ್ನಬಹುದೇ?" ಎಂದು ಸ್ವಲ್ಪ ಸಿಟ್ಟಿನಲ್ಲೇ ಬರೆದಿದ್ದೀರಿ.

ಲೇಖನಗಳ ಕಾಗುಣಿತ ತಿದ್ದುತ್ತಲೇ ದಿನ ಕಳೆಯುವ ನನಗೆ ಈ ಗೀಳು ನಿಮಗಿಂತ ಜಾಸ್ತಿ. ಆದರೂ ವ್ಯಾಕರಣ ಮೇಷ್ಟ್ರ ಕೈಯಲ್ಲಿ ಹುಟ್ಟುವುದಿಲ್ಲ.

ನಿಕರಾಗುವಾ ದೇಶದ ಮನಾಗುವಾದಲ್ಲಿ 1977ರಲ್ಲಿ ಕಿವಿ ಕೇಳದ ಮಕ್ಕಳಿಗೆ ಶಾಲೆ ಶುರುವಾಯಿತು. ಅಲ್ಲಿಯವರೆಗೆ ಮನೆಯವರೊಂದಿಗೆ ನಾಲ್ಕಾರು ಕೈಸನ್ನೆ ಬಿಟ್ಟರೆ ಅವರಿಗೆ ಬೇರೆ ಮಾತಿರಲಿಲ್ಲ. ತುಟಿ ನೋಡಿ ಸ್ಪ್ಯಾನಿಶ್ ಕಲಿಯಿರಿ ಎಂದು ಮೇಷ್ಟ್ರುಗಳು ಒದ್ದಾಡಿದರು. ಹೆಚ್ಚೇನೂ ತಲೆಗೆ ಹತ್ತಲಿಲ್ಲ. ಅತ್ತ ಆಟದ ಬಯಲಲ್ಲಿ, ಬಸ್ಸಿನಲ್ಲಿ ಮಕ್ಕಳು ತಮ್ಮ ತಮ್ಮ ಸನ್ನೆಗಳನ್ನು ಬೆರೆಸಿ ಹೊಸ ಭಾಷೆಯನ್ನೇ ಕಟ್ಟಿಕೊಂಡರು. 'ಉರುಳುತ್ತಾ ಇಳಿಯಿತು' ಎನ್ನಲು ಮೊದಲ ತಂಡದವರು ಹೆಚ್ಚಾಗಿ ಕೈ ತಿರುಗಿಸುತ್ತಲೇ ಕೆಳಗೆ ತರುತ್ತಿದ್ದರು. ಆಮೇಲೆ ಬಂದ ಪುಟ್ಟವರು ಅದನ್ನು ಒಡೆದರು: ಮೊದಲು ಉರುಳುವ ಸನ್ನೆ, ಅದರ ಹಿಂದೆಯೇ ಇಳಿಯುವ ಸನ್ನೆ. ಒಡೆದ ತುಂಡುಗಳನ್ನು ಬೇರೆ ವಾಕ್ಯಗಳಲ್ಲೂ ಜೋಡಿಸಬಹುದು, ಅಲ್ವಾ? ವ್ಯಾಕರಣದ ಕೆಲಸವೇ ಅದು. ಯಾರೂ ಹೇಳಿಕೊಟ್ಟಿರಲಿಲ್ಲ.

ಹಾಗಾದರೆ ಶುದ್ಧ, ಅಶುದ್ಧ ಎಲ್ಲಿಂದ ಬಂತು? ಸಮಾಜದಿಂದ. 1962ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ ನ್ಯೂಯಾರ್ಕಿನ ಮೂರು ದೊಡ್ಡ ಮಳಿಗೆಗಳನ್ನು ಸುತ್ತಿದರು. ಒಂದು ದುಬಾರಿ, ಒಂದು ಸಾಧಾರಣ, ಇನ್ನೊಂದು ಅಗ್ಗದ್ದು. ನಾಲ್ಕನೇ ಮಹಡಿಯಲ್ಲಿರುವ ಸಾಮಾನು ಎಲ್ಲಿದೆ ಅಂತ ಕೇಳುವುದು, 'ಫೋರ್ತ್ ಫ್ಲೋರ್' ಎಂಬ ಉತ್ತರದಲ್ಲಿ 'ರ್' ಇದೆಯೇ ಗಮನಿಸುವುದು, ಸುಮ್ನೆ ಕೇಳಿಸದವರ ಹಾಗೆ ನಟಿಸಿ ಇನ್ನೊಮ್ಮೆ ಹೇಳಿಸುವುದು. ದುಬಾರಿ ಮಳಿಗೆಯ ನೌಕರರಲ್ಲಿ 'ರ್' ಜಾಸ್ತಿ, ಅಗ್ಗದ್ದರಲ್ಲಿ ಕಡಿಮೆ. ಎರಡನೇ ಸಲ ಒತ್ತಿ ಹೇಳುವಾಗ ಅದು ಹೆಚ್ಚಾಯಿತು. ತಮಾಷೆ ಏನಂದರೆ, ಇಂಗ್ಲೆಂಡಿನ ಶಿಷ್ಟರ ಮಾತಿನಲ್ಲಿ ಅದೇ 'ರ್' ನುಂಗುವುದೇ ದೊಡ್ಡಸ್ತಿಕೆ! ಆಡುವವರ ಅಂತಸ್ತು ಅವರ ಉಚ್ಚಾರಕ್ಕೂ ಅಂಟಿಕೊಳ್ಳುತ್ತದೆ.

ಹಾಗಂತ ಶಿಷ್ಟ ಭಾಷೆ ಬೇಡವೆನ್ನಲಾರೆ. ಕಾನೂನಿಗೆ, ಪಾಠಕ್ಕೆ, ಗುರುತಿಲ್ಲದವರಿಗೆ ಬರೆಯಲಿಕ್ಕೆ ಎಲ್ಲರೂ ಒಪ್ಪಿದ ಒಂದು ರೂಪ ಬೇಕೇ ಬೇಕು. ಅದನ್ನು ಕಲಿಸುವಾಗ ಮಗುವಿನ ಮನೆಮಾತನ್ನು ಹೀಯಾಳಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಲಿಪಿಯ ವಿಷಯ ಇಷ್ಟೇ: ಬರವಣಿಗೆಗೆ ಸುಮಾರು 5,000 ವರ್ಷ ವಯಸ್ಸು, ಮಾತು ಅದಕ್ಕಿಂತ ಎಷ್ಟೋ ಹಳೆಯದು. ಈಗಿರುವ ಸುಮಾರು 7,000 ಭಾಷೆಗಳಲ್ಲಿ ಬಹಳಷ್ಟಕ್ಕೆ ಬರೆಯುವ ರೂಢಿಯಿಲ್ಲ. ಅವುಗಳಲ್ಲೂ ಜನ ಕತೆ ಹೇಳುತ್ತಾರೆ, ಜಗಳವಾಡುತ್ತಾರೆ, ಸುಳ್ಳೂ ಹೇಳುತ್ತಾರೆ.

ಪುಸ್ತಕ ಮಾತ್ರ ಮುಚ್ಚಿಡಬೇಡಿ. ಧ್ವನಿಗಳ ಅಧ್ಯಾಯ ಬೇಜಾರಾದರೆ ಮಕ್ಕಳು ಮಾತು ಕಲಿಯುವ ಅಧ್ಯಾಯವನ್ನೇ ಮೊದಲು ಓದಿ.