ಹಳೆ ಮನೆಗೆ ಹೊಸ ಕೋಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಎಂಬತ್ತು ವರ್ಷದ ಮಣ್ಣಿನ ಗೋಡೆಯ ಹೆಂಚಿನ ಮನೆ. ವಯಸ್ಸಾದ ಅಮ್ಮನಿಗೆ ಹಿತ್ತಿಲ ಬಚ್ಚಲಿಗೆ ಹೋಗಿಬರುವುದು ಕಷ್ಟ. ಅವರ ಕೋಣೆಗೆ ಅಂಟಿಸಿ ಬಚ್ಚಲು, ಶೌಚಾಲಯ ಕಟ್ಟಬೇಕು. ಹಳೆ ಗೋಡೆಯನ್ನು ಕೆತ್ತಿ ಹೊಸ ಗೋಡೆ ಬೆಸೆದು, ಹಳೆ ಮಾಡನ್ನೇ ಮುಂದಕ್ಕೆ ಇಳಿಸೋಣ ಎನ್ನುತ್ತಾರೆ ಮೇಸ್ತ್ರಿ. ಸರಿಯೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಎರಡೂ ಬೇಡ. ನಿಮ್ಮ ಹಳೆ ಗೋಡೆ ಇಷ್ಟು ವರ್ಷದಲ್ಲಿ ಕೂರುವಷ್ಟು ಕೂತಾಗಿದೆ. ಹೊಸ ಪಾಯ ಮೊದಲ ಎರಡು ಮೂರು ಮಳೆಗಾಲದಲ್ಲಿ ಸ್ವಲ್ಪವಾದರೂ ಕೂರುತ್ತದೆ. ಎರಡನ್ನೂ ಬೆಸೆದರೆ ಹೊಸದು ಹಳೆಯದನ್ನು ಜಗ್ಗಿ, ಬೆಸುಗೆಯ ಪಕ್ಕದಲ್ಲೇ ಮೇಲಿಂದ ಕೆಳಗೆ ಬಿರುಕು ಬಿಡುತ್ತದೆ. ಆ ಬಿರುಕಿಗೆ ಬಚ್ಚಲಿನ ತೇವವೂ ಸೇರಿದರೆ ಮಣ್ಣಿನ ಗೋಡೆಯ ಬುಡವೇ ಮೆತ್ತಗಾಗುತ್ತದೆ.

ಬಚ್ಚಲನ್ನು ಅದರದೇ ಪಾಯ, ಅದರದೇ ನಾಲ್ಕು ಗೋಡೆಗಳ ಮೇಲೆ ನಿಲ್ಲಿಸಿ. ಹಳೆ ಗೋಡೆಯಿಂದ ನಾಲ್ಕು ಅಡಿ ಬಿಟ್ಟು ಕಟ್ಟಿ. ಸೂರು ಎರಡೂವರೆ ಅಡಿ ಚಾಚಿದ್ದರೆ ನಡುವಿನ ಓಣಿಯ ಅರ್ಧಕ್ಕಿಂತ ಹೆಚ್ಚು ಪಾಲು ಈಗಾಗಲೇ ಮಾಡಿನ ಕೆಳಗೇ ಇದೆ. ಉಳಿದ ಒಂದೂವರೆ ಅಡಿಗೆ ತಗಡು ಸಾಕು. ತಗಡಿನ ಒಂದು ಅಂಚು ಸೂರಿನ ಕೆಳಗೆ ಅರ್ಧ ಅಡಿ ಒಳಸೇರಬೇಕು, ಇನ್ನೊಂದು ಅಂಚು ಬಚ್ಚಲಿನ ಗೋಡೆಗೆ ಅರ್ಧ ಅಡಿ ಮೇಲಕ್ಕೆ ಮಡಚಿರಬೇಕು. ಇಳಿಜಾರು ಪಕ್ಕಕ್ಕೆ, ಓಣಿಯ ಉದ್ದಕ್ಕೆ ಇರಲಿ: ಆರು ಅಡಿಗೆ ಆರು ಇಂಚು. ಸೂರಿನ ನೀರೂ ಅದರ ಮೇಲೇ ಬೀಳುವುದರಿಂದ ನೀರು ಇಳಿಯುವ ತುದಿಯಲ್ಲಿ ಅಗಲವಾದ ದೋಣಿ ಕಟ್ಟಿ.

ಹಳೆ ಮಾಡನ್ನೇ ಏಕೆ ಇಳಿಸಬಾರದೆಂದರೆ, ಹೆಂಚಿನ ಮಾಡಿಗೆ 30 ಡಿಗ್ರಿ ಇಳಿಜಾರು ಎಂದರೆ ಅಡಿಗೆ ಸುಮಾರು 7 ಇಂಚು ಇಳಿಕೆ. ಸೂರಿನ ತುದಿ 8 ಅಡಿ ಎತ್ತರದಲ್ಲಿದ್ದರೆ, ಅಲ್ಲಿಂದ ಏಳೂವರೆ ಅಡಿ ಮುಂದೆ ಹೋಗುವಷ್ಟರಲ್ಲಿ ಮಾಡಿನ ಕೆಳಗೆ ನಾಲ್ಕು ಅಡಿಯೂ ಉಳಿಯುವುದಿಲ್ಲ. ಅದಕ್ಕೆಂದು ಇಳಿಜಾರು ತಗ್ಗಿಸಿದರೆ ಗಾಳಿಮಳೆಯಲ್ಲಿ ನೀರು ಹೆಂಚಿನ ಸಂದಿಯೊಳಗೆ ಹಿಂದಕ್ಕೆ ಹತ್ತಿ ಸೋರುತ್ತದೆ, ಹೆಂಚಿನಡಿಯ ಮರದ ಪಕ್ಕಾಸು, ರೀಪು ಕೊಳೆಯುತ್ತವೆ. ನಿಮ್ಮ ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ. ಇಳಿಜಾರಿನ ವಿಷಯದಲ್ಲಿ ರಾಜಿ ಮಾಡಿಕೊಳ್ಳುವ ಊರಲ್ಲ ಅದು. ಬಚ್ಚಲಿಗೆ ಬೇರೆಯೇ ಎರಡಿಳಿಜಾರಿನ ಮಾಡು ಹಾಕಿ, ಅದರ ನೆತ್ತಿ ಹಳೆ ಸೂರಿಗೆ ಅಡ್ಡವಾಗಿರಲಿ. ಆಗ ನೀರು ಎಡಕ್ಕೆ ಬಲಕ್ಕೆ ಹೋಗುತ್ತದೆ, ಹಳೆ ಮನೆಯತ್ತ ಬರುವುದಿಲ್ಲ.

ಬಾಗಿಲಿಗಾಗಿ ಗೋಡೆಯಲ್ಲಿ ಹೊಸ ತೂತು ಕೊರೆಯಬೇಡಿ. ಇರುವ ಕಿಟಕಿಯನ್ನೇ ಬಾಗಿಲು ಮಾಡಿ. ಕಿಟಕಿಯ ಮೇಲಿನ ಮರದ ತೊಲೆ ಆಗಲೇ ಭಾರ ಹೊತ್ತಿದೆ, ಆದ್ದರಿಂದ ಅಗಲ ಒಂದಿಂಚೂ ಹೆಚ್ಚಿಸದೆ ಕೆಳಗಿನ ಭಾಗವನ್ನು ಮಾತ್ರ ತೆಗೆದರಾಯಿತು. ಬ್ರೇಕರ್ ಯಂತ್ರ ತರಿಸಬೇಡಿ. ಅದರ ಅದುರಿಗೆ ಇಡೀ ಗೋಡೆ ಸಡಿಲವಾಗುತ್ತದೆ. ನೀರು ಚಿಮುಕಿಸಿ ಮೃದು ಮಾಡಿ, ಗುದ್ದಲಿಯಿಂದ ಮೇಲಿನಿಂದ ಕೆಳಕ್ಕೆ ಸವರುತ್ತ ಬನ್ನಿ.

ಪಾಯ ತೋಡುವ ಮೊದಲು ಹಳೆ ಪಾಯದ ಆಳವನ್ನು ಒಂದು ಕಡೆ ಅಗೆದು ನೋಡಿ. ಹೊಸದು ಅದಕ್ಕಿಂತ ಎಷ್ಟು ಅಡಿ ಆಳಕ್ಕೆ ಹೋಗುತ್ತದೋ ಕನಿಷ್ಠ ಅಷ್ಟು ಅಡಿ ದೂರ ಇರಬೇಕು. ಕೆಲಸ ಬೇಸಿಗೆಯಲ್ಲೇ ಮುಗಿಯಲಿ. ಮಳೆ ನೀರು ನಿಂತ ಕಂದಕ ಪಕ್ಕದ ಗೋಡೆಗೆ ಅಪಾಯ. ಅಮ್ಮನಿಗಾಗಿ ಕಟ್ಟುತ್ತಿರುವುದರಿಂದ ಕೋಣೆ ಮತ್ತು ಓಣಿಯ ನೆಲ ಒಂದೇ ಮಟ್ಟಕ್ಕಿರಲಿ, ಬಚ್ಚಲಿನ ನೆಲ ಒಂದಿಂಚು ಮಾತ್ರ ತಗ್ಗಿರಲಿ, ನೀರಿನ ಇಳಿಜಾರು ಬಾಗಿಲಿನ ವಿರುದ್ಧ ದಿಕ್ಕಿಗಿರಲಿ. ಪೈಪುಗಳು ಹಳೆ ಗೋಡೆಯನ್ನು ಎಲ್ಲೂ ಮುಟ್ಟಬಾರದು. ಶೌಚದ ಗುಂಡಿ ಬಾವಿಯಿಂದ 50 ಅಡಿಯಾದರೂ ದೂರವಿರಲಿ.

ಪ್ರಶ್ನೆ: ಅಜ್ಜನ ಕಾಲದ ಮಣ್ಣಿನ ಗೋಡೆಗೆ ಕೆಲವು ವರ್ಷದ ಹಿಂದೆ ಸಿಮೆಂಟ್ ಗಿಲಾವು ಮಾಡಿಸಿದೆವು. ಈಗ ನೆಲದಿಂದ ಮೂರು ಅಡಿವರೆಗೆ ತೇವ, ಬಿಳಿ ಉಪ್ಪು. ಗಿಲಾವು ಚಕ್ಕೆ ಚಕ್ಕೆಯಾಗಿ ಬೀಳುತ್ತಿದೆ. ವಾಟರ್‌ಪ್ರೂಫ್ ಪೇಂಟ್ ಹಚ್ಚಬಹುದೇ?
— ಓದುಗರು, ಧಾರವಾಡ

ಉತ್ತರ: ದಯವಿಟ್ಟು ಹಚ್ಚಬೇಡಿ. ನೆಲದ ತೇವ ಗೋಡೆಗೆ ಏರುವುದು ಮೊದಲೂ ಇತ್ತು, ಆದರೆ ಮಣ್ಣು–ಸುಣ್ಣದ ಮೈಯಿಂದ ಅದು ಅಲ್ಲಲ್ಲೇ ಆರಿಹೋಗುತ್ತಿತ್ತು. ಸಿಮೆಂಟ್ ಆ ದಾರಿ ಮುಚ್ಚಿತು. ಹೊರಬರಲಾಗದ ತೇವ ಇನ್ನೂ ಮೇಲೇರುತ್ತದೆ, ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ ಅದನ್ನು ನೂಕುತ್ತದೆ. ಪೇಂಟ್ ಹಚ್ಚಿದರೆ ಮೂರು ಅಡಿಯ ತೇವ ನಾಲ್ಕಕ್ಕೆ ಹೋಗುತ್ತದೆ, ಅಷ್ಟೇ.

ಮೊದಲು ಹೊರಗಿನ ನೆಲ ನೋಡಿ. ಅಂಗಳಕ್ಕೆ ಮಣ್ಣು ತುಂಬಿ ತುಂಬಿ ಒಳಗಿನ ನೆಲದ ಮಟ್ಟಕ್ಕೇ ಬಂದಿರುವ ಮನೆಗಳೇ ಹೆಚ್ಚು. ಹೊರಗಿನ ಮಣ್ಣು ಒಳನೆಲಕ್ಕಿಂತ ಮುಕ್ಕಾಲು ಅಡಿಯಾದರೂ ತಗ್ಗಿರಬೇಕು, ಗೋಡೆಯಿಂದ ಆಚೆಗೆ ಇಳಿಜಾರಾಗಿರಬೇಕು. ಬುಡಕ್ಕೆ ಅಂಟಿಸಿ ಹಾಕಿದ ಕಾಂಕ್ರೀಟ್ ಇದ್ದರೆ ಒಂದಡಿ ಅಗಲ ಒಡೆದು ಜಲ್ಲಿ ತುಂಬಿ.

ಆಮೇಲೆ ತೇವದ ಗುರುತಿಗಿಂತ ಒಂದಡಿ ಮೇಲಿನವರೆಗೆ ಸಿಮೆಂಟನ್ನು ಕೈ ಉಳಿಯಿಂದ ಬಿಡಿಸಿ, ಒಂದು ಬೇಸಿಗೆ ಗೋಡೆ ಆರಲು ಬಿಡಿ. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ತೊಳೆದರೆ ಕರಗಿ ಮತ್ತೆ ಒಳಗೆ ಹೋಗುತ್ತದೆ. ದೊಡ್ಡ ಗುಂಡಿಗಳಿಗೆ ಅದೇ ಗೋಡೆಯ ಮಣ್ಣನ್ನೇ ಕಲಸಿ ತುಂಬಿ.

ಸುಟ್ಟ ಸುಣ್ಣದ ಹರಳನ್ನು ನೀರಿಗೆ ಹಾಕಿ ಅರಳಿಸಿ, ಜರಡಿ ಹಿಡಿದು, ಮೇಲೆ ನೀರು ನಿಲ್ಲುವಂತೆ ಎರಡು ವಾರವಾದರೂ ಇಡಿ. ಅರಳುವಾಗ ಕುದಿಯುತ್ತದೆ, ಕಣ್ಣಿಗೆ ಕನ್ನಡಕ ಇರಲೇಬೇಕು. ಸರಿಯಾಗಿ ಅರಳದ ಕಾಳು ಉಳಿದರೆ ಗಿಲಾವಿನೊಳಗೆ ಆಮೇಲೆ ಅರಳಿ ಗುಳ್ಳೆ ಏಳುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು. ಬುಡದ ಮೂರು ಅಡಿಗೆ ಮಾತ್ರ ಒಂದು ಪಾಲು ಸುಣ್ಣ, ಒಂದು ಪಾಲು ಇಟ್ಟಿಗೆಪುಡಿ, ಎರಡು ಪಾಲು ಮರಳು. ಇಂಚುದ್ದಕ್ಕೆ ಕತ್ತರಿಸಿದ ಪುಂಡಿ ನಾರು ಬಕೆಟ್‌ಗೆ ಒಂದು ಹಿಡಿ ಸೇರಿಸಿ. ಗೋಡೆಯನ್ನು ಗೀರಿ, ನೀರು ಚಿಮುಕಿಸಿ, ಮೊದಲ ಪದರ 10–12 ಮಿ.ಮೀ.; ವಾರ ಬಿಟ್ಟು ಎರಡನೆಯದು 6–8 ಮಿ.ಮೀ. ಒಂದೇ ಸಲ ದಪ್ಪ ಬಳಿದರೆ ಬಿರಿಯುತ್ತದೆ. ವಾರವಿಡೀ ಗೋಣಿ ಮರೆ ಕಟ್ಟಿ ದಿನಕ್ಕೆರಡು ಸಲ ನೀರು ಚಿಮುಕಿಸಿ. ಬಣ್ಣಕ್ಕೆ ಸುಣ್ಣವೇ ಇರಲಿ, ಎಮಲ್ಷನ್ ಬೇಡ.

ಪ್ರಶ್ನೆ: 1990ರ ಸುಮಾರಿಗೆ ಕಟ್ಟಿದ 30×40ರ ಮನೆ, 9 ಇಂಚಿನ ಇಟ್ಟಿಗೆ ಗೋಡೆ, ಪಿಲ್ಲರ್ ಇಲ್ಲ. ಮೇಲೆ ಒಂದು ಕೋಣೆ ಕಟ್ಟಬೇಕು. ಒತ್ತುಮಣ್ಣಿನ ಇಟ್ಟಿಗೆ ಹಗುರವಂತೆ, ಬಳಸಬಹುದೇ?
— ಓದುಗರು, ಬೆಂಗಳೂರು

ಉತ್ತರ: ಬಳಸಬಹುದು, ಆದರೆ ಅದು ಹಗುರವಲ್ಲ. ಘನ ಮೀಟರ್‌ಗೆ ಸುಮಾರು 1.8 ಟನ್, ಸುಟ್ಟ ಇಟ್ಟಿಗೆಯಷ್ಟೇ. ಅದರ ಲಾಭ ಬೇರೆ: ಸಿಮೆಂಟ್ ಬೆರೆಸಿದ ಮಣ್ಣನ್ನು ಯಂತ್ರದಲ್ಲಿ ಒತ್ತಿ, ಸುಡದೆ ಮಾಡುವುದರಿಂದ ಭಟ್ಟಿಯ ಸೌದೆ ಉಳಿಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ ಅಸ್ತ್ರ (ASTRA) ಕೇಂದ್ರ ಈ ಇಟ್ಟಿಗೆಯ ಬಗ್ಗೆ ದೀರ್ಘವಾಗಿ ಕೆಲಸ ಮಾಡಿದೆ, ಬೆಂಗಳೂರಿನ ಕೆಮ್ಮಣ್ಣಿಗೆ ಮರಳು ಬೆರೆಸಿದರೆ ಚೆನ್ನಾಗಿ ಒಪ್ಪುತ್ತದೆ. ಸಿಮೆಂಟ್ ಶೇ. 7ರಂತೆ ಹಾಕಿದರೆ 230×190×100 ಮಿ.ಮೀ.ಯ ಸುಮಾರು 90 ಇಟ್ಟಿಗೆಗೆ ಒಂದು ಚೀಲ. ಮೂರು ವಾರ ನೀರುಣಿಸಬೇಕು. ಖರೀದಿಸುವುದಾದರೆ ಒಂದನ್ನು ಇಡೀ ದಿನ ನೀರಲ್ಲಿ ಮುಳುಗಿಸಿ ನೋಡಿ; ಅಂಚು ಉದುರಿದರೆ ಬೇಡ.

ಭಾರ ಉಳಿಸಬೇಕಾದ ಜಾಗ ಮೇಲ್ಛಾವಣಿ. ನಾಲ್ಕಿಂಚಿನ ಮೋಲ್ಡಿಂಗ್ ಚದರ ಮೀಟರ್‌ಗೆ 250 ಕಿಲೋ; ಮಂಗಳೂರು ಹೆಂಚು ಪಕ್ಕಾಸು, ರೀಪು ಸೇರಿ 60–70 ಕಿಲೋ. ಮೇಲಿನ ಪ್ರತಿ ಗೋಡೆಯೂ ಕೆಳಗಿನ 9 ಇಂಚಿನ ಗೋಡೆಯ ನೇರಕ್ಕೇ ಬರಬೇಕು. ಕೆಳಗಿನ ನಾಲ್ಕೂವರೆ ಇಂಚಿನ ಅಡ್ಡಗೋಡೆಯ ಮೇಲಾಗಲಿ, ತಾರಸಿಯ ನಡುವೆಯಾಗಲಿ ಗೋಡೆ ಏರಿಸಬೇಡಿ. ನಕ್ಷೆ ಬರೆಸುವ ಮೊದಲೇ ಒಂದು ಮೂಲೆಯಲ್ಲಿ ಮೂರಡಿ ಚೌಕ ಅಗೆಸಿ, ಪಾಯದ ಅಗಲ, ಆಳ, ಕೆಳಗಿನ ಮಣ್ಣನ್ನು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಕಣ್ಣಾರೆ ತೋರಿಸಿ.